ಕಪಾಟಿನ ಮಾಂಸ, ಕೇಣಿಯ ಮೂಗು

ಚಿತ್ತಾಕುಲ
೧೨ ಜೂನ್ ೨೦೨೫

ಪ್ರೀತಿಯ ಸುಭಾಷ ಮಾಮನಿಗೆ ಸುಮಿತಾಳ ನಮಸ್ಕಾರ.

ಕುಸುಮತ್ತೆಗೆ ಫೋನು ಮಾಡಿ ನಿಮ್ಮ ಬಗ್ಗೆ ಕೇಳಿದರೆ "ಅಡ್ಡಿಲ್ಲ, ಆರಾಮಿದ್ರು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ನೀವು ಅಲ್ಲೇ ಪಕ್ಕದಲ್ಲಿ ಕೂತಿರುತ್ತೀರಿ ಎಂದು ನನಗೆ ಗೊತ್ತು. ಗಂಟಲಿನ ಆಪರೇಷನ್ ಆದಮೇಲೆ ನಿಮ್ಮದೊಂದು ಬೈಗುಳವೂ ಕಿವಿಗೆ ಬೀಳದೆ ನನಗೆ ಹಬ್ಬ ತಪ್ಪಿಹೋದ ಹಾಗಾಗಿದೆ. ಮೊಬೈಲಿನಲ್ಲಿ ಅಕ್ಷರ ಒತ್ತಲು ನಿಮಗೆ ತಾಳ್ಮೆಯಿಲ್ಲ. ಅದಕ್ಕೇ ಕಾಗದ. ನಮ್ಮ ಕೇರಿಯ ದತ್ತಾ ಅಂಕೋಲೆ ಬಸ್ಸಿನ ಕಂಡಕ್ಟರ್ ಆಗಿದ್ದಾನೆ, ಡಬ್ಬಿ ಅವನ ಕೈಯಲ್ಲೇ ಬರುತ್ತದೆ. ಬಸ್‌ ಸ್ಟ್ಯಾಂಡಿಗೆ ಹೋಗಿ ತೆಗೆದುಕೊಳ್ಳಿ.

ಡಬ್ಬಿಯಲ್ಲಿರುವುದು ಹಂದಿ ಮಾಂಸ. ಹೆದರಬೇಡಿ, ಕಾಡಿನದಲ್ಲ, ಗೋವೆಯ ಫಾರ್ಮಿನದು. ನಿಮ್ಮ ಅಳಿಯ ನಿತೇಶ ಕೆಲಸ ಮಾಡುವ ಹೋಟೆಲಿನಲ್ಲಿ ಇಂಥದನ್ನು ಉಪ್ಪು ಹಾಕಿ ತಿಂಗಳುಗಟ್ಟಲೆ ತಂಪಿನಲ್ಲಿ ಒಣಗಿಸಿ, ಬೇಯಿಸದೆ, ಹಪ್ಪಳದಷ್ಟು ತೆಳ್ಳಗೆ ಕೊಯ್ದು ಕೊಡುತ್ತಾರಂತೆ. ತಾನೂ ಮಾಡುತ್ತೇನೆ ಎಂದು ನಮ್ಮ ಹಳೆಯ ಫ್ರಿಜ್ಜನ್ನು ಹಿತ್ತಲಿನ ಮಾಡಿನ ಕೆಳಗೆ ಸಾಗಿಸಿ, ಅದಕ್ಕೊಂದು ಫ್ಯಾನು, ತೇವ ಹೀರುವ ಯಂತ್ರ, ತಾಪ ನೋಡಿಕೊಳ್ಳುವ ಕಂಟ್ರೋಲರು ಎಲ್ಲ ಕೂಡಿಸಿದ್ದಾನೆ. ಇಲ್ಲಿ ಹೊರಗೆ ಗೋಡೆಯೇ ಬೆವರುತ್ತಿದೆ, ಆ ಫ್ರಿಜ್ಜಿನೊಳಗೆ ಮಾತ್ರ ಮಾಘ ಮಾಸ. ಈಗ ಪರೀಕ್ಷೆಯ ಕಾಲ. ಚೆನ್ನಾಗಿ ಬಂದರೆ ಹೋಟೆಲಿನ ಶೆಫ್ ಇವನಿಂದಲೇ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ಮಗು ಹುಟ್ಟುವುದರೊಳಗೆ ಮನೆಯಲ್ಲೇ ಕೂತು ಮಾಡುವ ಕೆಲಸ ಒಂದು ಕೈಗೆ ಬಂದರೆ ಸಾಕು ಎಂದು ಅವನ ಆಸೆ.

ಆದರೆ ಒಳಗಿನಿಂದ ಹಾಳಾಗಿದೆಯೋ ಇಲ್ಲವೋ ಹೇಳುವವರು ಬೇಕು. ನಿತೇಶನನ್ನು ಕೇಳಿದರೆ ಪ್ರತಿ ತುಂಡೂ ಬಂಗಾರ. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಬಸುರಿ ಮೂಗಿಗೆ ಅನ್ನ ಬೇಯುವ ವಾಸನೆಯೂ ಹೇಸಿಗೆ. ಡಾಕ್ಟರು ಹೆರಿಗೆಯ ತನಕ ಮಂಚ ಬಿಟ್ಟು ಏಳಬೇಡ, ಬಸ್ಸು ಹತ್ತುವ ಮಾತೇ ಬೇಡ ಎಂದಿದ್ದಾರೆ. ಮಲಗಿಕೊಂಡು ಯೋಚಿಸುವಾಗ ನೀವು ನೆನಪಾದಿರಿ. ಉಪ್ಪು ಹಾಕಿದ ಇಸ್ವಾಣ ಮೀನಿನ ಬೆನ್ನಿಗೆ ತೆಂಗಿನ ಹಿಡಿಕಡ್ಡಿ ಚುಚ್ಚಿ, ತೆಗೆದು, ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚುತ್ತಿದ್ದಿರಿ. ಇಡೀ ಕೇಣಿ ಊರು ನಿಮ್ಮ ಮುಖ ನೋಡುತ್ತಾ ನಿಂತಿರುತ್ತಿತ್ತು. "ಮೂಗು ಹೂಂ ಅಂದ್ಮೇಲೆ ಬಾಯಿ" ಎಂದು ನನಗೆ ಕಲಿಸಿದವರೂ ನೀವೇ.

ಮೂಸಿ ನೋಡಿ ಒಂದು ಸಾಲು ಬರೆಯಿರಿ ಮಾಮ. ನಿಮ್ಮ ಮಾತಿಲ್ಲದೆ ನಾವು ಯಾರೂ ತಿನ್ನುವುದಿಲ್ಲ.

ನಿಮ್ಮ ಸುಮಿ


ಕೇಣಿ
೧೯ ಜೂನ್ ೨೦೨೫

ಸುಮಿಗೆ ಮಾಮನ ಆಶೀರ್ವಾದ.

ಕಾಗದ, ಡಬ್ಬಿ ಎರಡೂ ಬಂದವು. ಉತ್ತರ ತಡವಾಯಿತು, ಬೈಯಬೇಡ, ದತ್ತಾನ ಬಸ್ಸು ತಪ್ಪಿತು.

ಮಳೆಗಾಲದಲ್ಲಿ, ಅದೂ ಕಾಳಿ ಹೊಳೆಯ ಬಾಯಲ್ಲಿ ಕೂತು ಮಾಂಸ ಒಣಗಿಸುತ್ತೇನೆ ಎನ್ನುವ ನಿನ್ನ ಗಂಡನಿಗೆ ಏನೆನ್ನಲಿ! ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನಾವು ರೋಹಿಣಿ ಮಳೆ ಬೀಳುವುದರೊಳಗೆ ಮೀನು ಒಣಗಿಸುವ ಚಾಪೆ ಸುತ್ತಿ ಅಟ್ಟಕ್ಕೆ ಹಾಕುತ್ತಿದ್ದೆವು. ಗಾಳಿ ಇಲ್ಲದ ಆ ಫ್ರಿಜ್ಜಿನ ಕಪಾಟಿನೊಳಗೆ ಗಾಳಿ ಹುಟ್ಟಿಸುತ್ತಾನಂತೆ. ಮೇಲಿಂದ ಬೇಯಿಸದೆ ತಿನ್ನುವುದಂತೆ. ದೇವರು ಬೆಂಕಿ ಕೊಟ್ಟದ್ದು ಬೀಡಿ ಹಚ್ಚುವುದಕ್ಕೆ ಮಾತ್ರವೋ?

ನಿನ್ನ ಕುಸುಮತ್ತೆಯ ಕಥೆ ಕೇಳು. ಡಬ್ಬಿ ಕಂಡದ್ದೇ ಬಾಗಿಲಿಗೆ ಅಡ್ಡ ನಿಂತಳು. "ಹಂದಿ ಮಾಂಸ ಹೊಸ್ತಿಲು ದಾಟ್ತಾ, ನಾ ತಾಯಿ ಮನಿಗೆ ಹೋತೆ ನೋಡಿ!" ಅವಳ ತಾಯಿಮನೆ ಮೂರನೇ ಅಂಗಳ. ಹೋಗಿ ಸಂಜೆ ಚಾಕ್ಕೆ ಬರುತ್ತಾಳೆ. ಆದರೂ ಅವಳ ಮಾತಿಗೆ ಬೆಲೆ ಕೊಟ್ಟು ಡಬ್ಬಿಯನ್ನು ಗೇರು ಮರದ ಕೆಳಗೆ ಒಯ್ದು ತೆಗೆದೆ. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಕಡ್ಡಿ ಚುಚ್ಚಿ ನೋಡಿದೆ. ಅಡ್ಡಿಲ್ಲ. ಉಪ್ಪು ಒಳಗಿನವರೆಗೂ ಹೋಗಿದೆ, ಮಾಂಸ ಬಿಗಿಯಾಗಿದೆ. ತಿನ್ನಬಹುದು. ನೀನು ಮಾತ್ರ ತಿನ್ನಬೇಡ, ಹೊಟ್ಟೆಯಲ್ಲಿರುವುದಕ್ಕೆ ಇದೆಲ್ಲ ಹೊಸದು.

ಗಂಟಲು ಹೋದರೇನು ಮಗಾ, ಮೂಗು ಇದ್ದಲ್ಲೇ ಇದೆ. ಇನ್ನೊಂದು ತುಂಡು ಆದ ಕೂಡಲೇ ಕಳಿಸು.

ಸುಭಾಷ ಮಾಮ


ಚಿತ್ತಾಕುಲ
೨ ಜುಲೈ ೨೦೨೫

ಮಾಮ,

ನಿಮ್ಮ ಕಾಗದ ಓದಿ ನಕ್ಕು ನಕ್ಕು ಹೊಟ್ಟೆಯೊಳಗಿನದು ಒದ್ದಿತು. ನಿತೇಶ ಮೊದಲು ಮುಖ ಉಬ್ಬಿಸಿದ, ಆಮೇಲೆ "ತಿನ್ನಬಹುದು" ಎನ್ನುವ ಸಾಲನ್ನು ಗಟ್ಟಿಯಾಗಿ ಎರಡು ಸಲ ಓದಿಸಿದ. ಇಲ್ಲಿ ಉಳಿದಿದ್ದ ಆ ತುಂಡಿನ ಅರ್ಧವನ್ನು ಅವನೂ ಅವನ ಗೆಳೆಯರೂ ತಿಂದರು.

ಆದರೆ ಒಂದು ತಕರಾರು. ಬಸ್ಸು ಒಂದು ದಿನ ತಪ್ಪಬಹುದು. ಇಡೀ ವಾರ ತಪ್ಪುತ್ತದೆಯೇ? ದತ್ತಾ ಬೇರೆ ಹೇಳುತ್ತಾನೆ, "ನಾ ದಿನಾ ಹೋಗೂದೇ ಅಲ್ದಾ, ನಿಮ್ಮ ಮಾಮ ಸ್ಟ್ಯಾಂಡಲ್ಲಿ ಕಾಣೂದೇ ಇಲ್ಲ." ಕಡ್ಡಿ ಚುಚ್ಚಿ ಮೂಸುವುದಕ್ಕೆ ಎಷ್ಟು ಹೊತ್ತು ಬೇಕು? ನಿತೇಶ ಇಲ್ಲಿ ಪರೀಕ್ಷೆ ಬರೆದು ರಿಸಲ್ಟ್ ಕಾಯುವ ಹುಡುಗನಂತೆ ಒದ್ದಾಡುತ್ತಾನೆ. ನಿಮಗೆ ಸೋಮಾರಿತನ ಹೊಸದಾಗಿ ಅಂಟಿಕೊಂಡಿದೆಯೋ, ಅಥವಾ ನಮ್ಮನ್ನು ಆಟ ಆಡಿಸುತ್ತಿದ್ದೀರೋ?

ಇದರೊಂದಿಗೆ ಎರಡನೇ ತುಂಡು. ಮೇಲೆ ಬಿಳಿ ಬೂಷ್ಟು ಬಂದಿದೆ, ಅದು ಒಳ್ಳೆಯದಂತೆ. ಒಂದು ಮೂಲೆಯಲ್ಲಿ ಮಾತ್ರ ಹಸಿರು ಕಂಡಿತು, ವಿನೆಗರ್ ಹಚ್ಚಿ ಒರೆಸಿದ್ದಾನೆ. ಮೀಟರಿನಲ್ಲಿ ತೇವ ಒಮ್ಮೆ ಎಪ್ಪತ್ತು, ಒಮ್ಮೆ ತೊಂಬತ್ತು. ರಾತ್ರಿ ಮಳೆ ಜೋರಾದರೆ ಫ್ರಿಜ್ಜಿನ ಬಾಗಿಲಿನ ರಬ್ಬರಿಗೆ ಟವೆಲು ಸುತ್ತುತ್ತಾನೆ. ನನಗಿಂತ ಅದಕ್ಕೇ ಉಪಚಾರ ಹೆಚ್ಚು.

ಹಸಿರು ಇದ್ದದ್ದರಿಂದ ಸ್ವಲ್ಪ ಭಯ. ಬೇಗ ಬರೆಯಿರಿ.

ಸುಮಿ


ಕೇಣಿ
೫ ಜುಲೈ ೨೦೨೫

ಸುಮಿ,

ಈ ಹಾಳೆಯನ್ನು ಡಬ್ಬಿಗೆ ಹಾಕುವುದಿಲ್ಲ. ಬರೆದು ಟ್ರಂಕಿನ ತಳಕ್ಕೆ ಸೇರಿಸುತ್ತೇನೆ. ಆದರೂ ನಿನ್ನ ಹೆಸರು ಹಾಕಿಯೇ ಬರೆಯುತ್ತಿದ್ದೇನೆ, ಬೇರೆ ಯಾರಿಗೆ ಬರೆಯಲಿ.

ನನ್ನ ಮೂಗು ಹೋಗಿದೆ.

ಉಸಿರೆಲ್ಲ ಈಗ ಕುತ್ತಿಗೆಯ ತೂತಿನಿಂದ ಒಳಗೆ ಹೋಗಿ ಅಲ್ಲಿಂದಲೇ ಹೊರಗೆ ಬರುತ್ತದೆ. ಮೂಗಿನ ದಾರಿಯಲ್ಲಿ ಗಾಳಿಯ ಓಡಾಟವೇ ಇಲ್ಲ. ಮಂಗಳೂರಲ್ಲಿ ಡಾಕ್ಟರು "ವಾಸನೆ ಸ್ವಲ್ಪ ಕಡಿಮೆಯಾಗಬಹುದು" ಎಂದಿದ್ದರು. ಸ್ವಲ್ಪ ಅಲ್ಲ, ಎಲ್ಲವೂ ಹೋಯಿತು. ಮೊನ್ನೆ ಒಲೆಯ ಮುಂದೆಯೇ ಕೂತಿದ್ದೆ. ಹಾಲು ಉಕ್ಕಿ, ಸೀದು, ಪಾತ್ರೆ ಕರಿ ಹಿಡಿದರೂ ನನಗೆ ಗೊತ್ತಾಗಲಿಲ್ಲ. ಕುಸುಮ ಹಿತ್ತಲಿನಿಂದ ಓಡಿ ಬಂದು, "ಮೂಗು ಮಂಗ್ಳೂರಲ್ಲೇ ಬಿಟ್ ಬಂದ್ರಾ ಹ್ಯಾಂಗೆ?" ಎಂದು ಬೈದಳು. ಅವಳು ತಮಾಷೆಗೆ ಹೇಳಿದ್ದು. ನಾನು ಅಂಗಳಕ್ಕೆ ಹೋಗಿ ನಿಂತೆ.

ನಿನ್ನ ಮೊದಲ ಡಬ್ಬಿ ಬಂದಾಗ ಹಿಡಿಕಡ್ಡಿ ಚುಚ್ಚಿ, ಮೂಗಿನ ಕೆಳಗೆ ಹಿಡಿದು, ಹಳೇ ರೂಢಿಯಂತೆ ಕಣ್ಣನ್ನೂ ಮುಚ್ಚಿದೆ. ಗೋಡೆಗೆ ಮುಖ ಒತ್ತಿ ನಿಂತ ಹಾಗೆ, ಏನೂ ಇಲ್ಲ. ಕುಸುಮಳ ಮೂಗನ್ನು ಕೇಳೋಣವೆಂದರೆ ಅವಳು ಹಂದಿ ಮಾಂಸ ಇರುವ ಮರದ ಹತ್ತಿರವೂ ಸುಳಿಯುವುದಿಲ್ಲ.

ಮೂಗು ಹೋದರೂ ಹೊಟ್ಟೆ ಇದೆಯಲ್ಲ ಎಂದುಕೊಂಡೆ. ಚಾಕುವಿನಿಂದ ನಡುಭಾಗದ ಒಂದು ಚೂರು ಕೊಯ್ದು ತಿಂದೆ. ಬಾಯಿಗೆ ಉಪ್ಪು ತಿಳಿಯಿತು, ಬೇರೇನಿಲ್ಲ. ಎರಡು ಮೂರು ದಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾದೆ. ಏನೂ ಆಗಲಿಲ್ಲ. ಆಮೇಲೆ ನಿನಗೆ "ಅಡ್ಡಿಲ್ಲ" ಎಂದು ಬರೆದೆ. ಬಸ್ಸು ಯಾವತ್ತೂ ತಪ್ಪಿಲ್ಲ. ಈ ಎರಡನೇ ತುಂಡನ್ನೂ ಇವತ್ತು ಬೆಳಿಗ್ಗೆ ತಿಂದಿದ್ದೇನೆ. ಕಾಯುತ್ತಿದ್ದೇನೆ.

ನಿನಗೆ ನಿಜ ಹೇಳಬಾರದೇಕೆ? ಹೇಳುತ್ತೇನೆ ಕೇಳು. ಈಗ ಮನೆಗೆ ಬಂದವರು ನನ್ನ ಎದುರಿಗೇ ಕುಸುಮಳನ್ನು ಕೇಳುತ್ತಾರೆ, "ಹ್ಯಾಂಗಿದ್ರು? ಉಣ್ತ್ರಾ?" ಮಾತು ಹೋದವನಿಗೆ ಕಿವಿಯೂ ಇಲ್ಲ, ಬುದ್ಧಿಯೂ ಇಲ್ಲ ಎಂದು ಅವರ ಲೆಕ್ಕ. ಮೀನಿನ ಹೆಂಗಸರು ನನ್ನನ್ನು ದಾಟಿಕೊಂಡು ಹೋಗುತ್ತಾರೆ. ನನ್ನನ್ನೇ ಹೆಸರಿಟ್ಟು ಏನಾದರೂ ಕೇಳಿದವಳು ನೀನೊಬ್ಬಳು. ನಿನ್ನ ಡಬ್ಬಿ ಬಂದ ದಿನ ನಾನು ಗಡ್ಡ ಹೆರೆದುಕೊಂಡೆ. ಮೂಗು ಸತ್ತಿದೆ ಎಂದು ಬರೆದರೆ ನೀನು ಮರುಗುತ್ತೀ, ಔಷಧಿ ಕೇಳುತ್ತೀ, ಡಬ್ಬಿ ಮಾತ್ರ ಬರುವುದಿಲ್ಲ.

ನಾಚಿಕೆಯಾಗುತ್ತದೆ ಮಗಾ. ಹೆದರಿಕೆಯೂ ಆಗುತ್ತದೆ. ಆದರೆ ಹಾಳಾದದ್ದಾದರೆ ಮೊದಲು ಬೀಳುವವನು ನಾನು, ನಿನ್ನ ಮನೆಯವರಲ್ಲ. ಅಷ್ಟು ಮಾತ್ರ ಮೋಸವಿಲ್ಲ.


ಕೇಣಿ
೮ ಜುಲೈ ೨೦೨೫

ಸುಮಿಗೆ ಆಶೀರ್ವಾದ.

ಎರಡನೇ ತುಂಡೂ ಅಡ್ಡಿಲ್ಲ. ಹಸಿರು ಒಳಗೆ ಇಳಿದಿಲ್ಲ. ನಿತೇಶ ಹೆದರುವುದು ಬೇಡ.

ಸೋಮಾರಿ ಅಂದೆಯಲ್ಲ, ಸರಿ. ಮೂಸುವುದೆಂದರೆ ಲಿಂಬೆಹಣ್ಣು ಹಿಂಡುವುದಲ್ಲ. ಕಡ್ಡಿಯನ್ನು ಒಂದು ದಿನ ಇಟ್ಟು ಮರುದಿನ ಮೂಸಬೇಕು, ಆಗ ಒಳಗಿನ ಕಳ್ಳತನ ಹೊರಗೆ ಬರುತ್ತದೆ. ಹಿರಿಯರ ಕಸುಬು, ನಿನಗೆ ತಿಳಿಯದು. ಬಸ್‌ ಸ್ಟ್ಯಾಂಡಿನಲ್ಲಿ ದತ್ತಾನ ಕಣ್ಣಿಗೆ ನಾನು ಬೀಳದಿದ್ದರೆ ಅವನ ಕಣ್ಣು ತೋರಿಸಿಕೊಳ್ಳಲಿ.

ಎರಡು ಹೊತ್ತು ಹಾಲು ಕುಡಿ. ಡಬ್ಬಿ ತೊಳೆದು ಕಳಿಸಿದ್ದೇನೆ.

ಸುಭಾಷ ಮಾಮ


ಚಿತ್ತಾಕುಲ
೨೮ ಜುಲೈ ೨೦೨೫

ಮಾಮ,

ಗಾಳಿ ಮಳೆಗೆ ನಮ್ಮಲ್ಲಿ ಕಂಬ ಮುರಿದು ದಿನಗಟ್ಟಲೆ ಕರೆಂಟಿರಲಿಲ್ಲ. ಫ್ರಿಜ್ಜು ಸುಮ್ಮನೆ ನಿಂತಿತ್ತು. ನಿತೇಶ ಮಂಜುಗಡ್ಡೆ ತರಲು ಬೈತಖೋಲದ ಬಂದರಿನವರೆಗೂ ಹೋಗಿಬಂದ. ತಂದದ್ದೆಲ್ಲ ನೀರಾಯಿತು. ನಾನು ಮಂಚದ ಮೇಲೆ ಮಲಗಿಕೊಂಡು ಅವನು ಹಿತ್ತಲಿಗೂ ಅಂಗಳಕ್ಕೂ ಓಡಾಡುವ ಸಪ್ಪಳ ಕೇಳುತ್ತಿದ್ದೆ. ಏಳುವ ಹಾಗಿಲ್ಲ, ಸಹಾಯ ಮಾಡುವ ಹಾಗಿಲ್ಲ. ಅಳು ಬಂತು.

ಅದಾದ ಮೇಲೆ ನಮ್ಮಿಬ್ಬರಿಗೂ ಜಗಳವಾಯಿತು, ನಿಮ್ಮ ವಿಷಯಕ್ಕೇ. "ನಿಮ್ಮ ಮಾಮ ಎಲ್ಲದಕ್ಕೂ ಅಡ್ಡಿಲ್ಲ ಅಂತ್ರು. ನಮ್ಗೆ ಬೇಜಾರಾಗೂದು ಬ್ಯಾಡ ಅಂತ ಹೇಳೂದು. ಶೆಫ್‌ಗೆ ಕೊಟ್ಟು ಎಂತಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂದ. ನನಗೆ ಮೈಯೆಲ್ಲ ಉರಿಯಿತು. ಹುಟ್ಟಿದಾಗಿನಿಂದ ನೋಡಿದವಳು ನಾನು. ನಿಮ್ಮ ಮೂಗಿನ ಮೇಲೆ ಪಂಥ ಕಟ್ಟಿದ್ದೇನೆ.

ಆದ್ದರಿಂದ ಈ ಸಲದ ತುಂಡಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಎಣ್ಣೆ ಕಾಗದದಲ್ಲಿ, ಅದರ ಮೇಲೆ ಬಾಳೆಲೆಯಲ್ಲಿ ಬಿಗಿಯಾಗಿ ಸುತ್ತಿದೆ. ಬಿಚ್ಚಿ ಮೂಸಿ, ತಿಳಿದದ್ದನ್ನು ಬರೆಯಿರಿ. ಶ್ರಾವಣ ಶುರುವಾಯಿತು, ಇನ್ನು ಚೌತಿಯ ತನಕ ಮೀನಿನ ಮುಳ್ಳನ್ನೂ ನೀವು ಮುಟ್ಟುವವರಲ್ಲ ಎಂದು ನನಗೆ ಗೊತ್ತು. ಮೂಸುವುದರಿಂದ ವ್ರತ ಕೆಡುವುದಿಲ್ಲ ಬಿಡಿ.

ನಿಮ್ಮ ಮಾನ ನನ್ನ ಮಾನ.

ಸುಮಿ


ಚಿತ್ತಾಕುಲ
೬ ಆಗಸ್ಟ್ ೨೦೨೫

ಮಾಮ,

ಇಷ್ಟು ದಿನವಾದರೂ ಒಂದು ಸಾಲೂ ಇಲ್ಲ. ಕಡ್ಡಿಯನ್ನು ಒಂದು ದಿನ ಇಡಬೇಕು ಸರಿ, ಶ್ರಾವಣ ಪೂರ್ತಿ ಇಡಬೇಕೆ? ಡಬ್ಬಿ ಬಂದದ್ದಂತೂ ಖರೆ. ಕೈಯಿಂದ ಕೈಗೆ ಕೊಟ್ಟೆ, ಗಡ್ಡ ಹೆರೆದುಕೊಂಡು ಬಂದಿದ್ದರು ಎಂದು ದತ್ತಾ ಹೇಳಿದ.

ಅತ್ತೆಗೆ ಫೋನು ಮಾಡಿದರೆ ಎತ್ತುವುದಿಲ್ಲ. ನಿನ್ನೆ ಎತ್ತಿದಳು. ಹಿಂದೆ ಎಲ್ಲೋ ಟ್ರಾಲಿ ಎಳೆದ ಹಾಗೆ ಸದ್ದು. ಪೇಟೆಯಲ್ಲಿದ್ದಾಳೆ ಎಂದುಕೊಂಡೆ. ನಾನು ಮಾತಾಡುವ ಮೊದಲೇ, "ಆ ಮಾಂಸ ನೀವ್ ಯಾರಾರೂ ತಿಂದ್ರಾ?" ಎಂದು ಕೇಳಿದಳು. ಇಲ್ಲ ಎಂದೆ. "ತಿನ್ನಬ್ಯಾಡಿ ಮಾರಾಯ್ತಿ, ತಿನ್ನಬ್ಯಾಡಿ" ಎಂದು ಇಟ್ಟೇಬಿಟ್ಟಳು. ಶ್ರಾವಣದ ಮಡಿ ಅವಳಿಗೆ ಈ ವರ್ಷ ತಲೆಗೇರಿದೆ ಎಂದು ನಾವು ನಕ್ಕೆವು.

ನನ್ನ ಮೇಲೆ ಸಿಟ್ಟೇ? ಪಂಥದ ಮಾತು ಬರೆಯಬಾರದಿತ್ತೇನೋ. ಮಲಗಿದವಳಿಗೆ ಬೇರೆ ಕೆಲಸವಿಲ್ಲ, ಬೇಡದ್ದೆಲ್ಲ ತಲೆಗೆ ಬರುತ್ತದೆ. ಅಡ್ಡಿಲ್ಲ ಎಂದಾದರೂ ಬರೆಯಿರಿ, ಸೋಲುತ್ತೇನೆ.

ಸುಮಿ


ಕೇಣಿ
೯ ಆಗಸ್ಟ್ ೨೦೨೫

ಸುಮಿಗೆ,

ಆ ತುಂಡು ಪೂರ್ತಿ ಹಾಳು. ಬಾಳೆಲೆ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆಯಿತು. ಕಡ್ಡಿ ಚುಚ್ಚುವ ಕೆಲಸವೇ ಬೀಳಲಿಲ್ಲ. ಅದರ ಜೊತೆ ಕಪಾಟಿನಲ್ಲಿದ್ದ ಎಲ್ಲವನ್ನೂ ಆಳವಾಗಿ ಹೂಳಿಸು. ನಾಯಿಗೂ ಹಾಕಬೇಡಿ. ನಿತೇಶ ಕೈಯನ್ನು ಸೋಪಿನಲ್ಲಿ ತೊಳೆಯಲಿ. ಕಪಾಟನ್ನು ಬಿಸಿನೀರು ಹಾಕಿ ತೊಳೆದು ಬಿಸಿಲು ಕಂಡ ದಿನ ಬಾಗಿಲು ತೆರೆದಿಡಿ.

ತಡವಾದದ್ದಕ್ಕೆ ಕ್ಷಮಿಸು. ಸ್ವಲ್ಪ ಜ್ವರ ಬಂದಿತ್ತು, ಮಳೆಗಾಲದ್ದು. ಅಕ್ಷರ ಸೊಟ್ಟ ಇದ್ದರೆ ಅದಕ್ಕೇ. ಸಿಟ್ಟು ಯಾಕೆ ಬರಲಿ ಮಗಾ.

ಸುಭಾಷ ಮಾಮ


ಚಿತ್ತಾಕುಲ
೧೧ ಆಗಸ್ಟ್ ೨೦೨೫

ಮಾಮ, ಮಾಮ, ಮಾಮ!

ಗೆದ್ದೆ! ನಿಮ್ಮ ಕಾಗದವನ್ನು ನಿತೇಶನ ಮುಖದೆದುರು ಹಿಡಿದು ಓದಿದೆ. "ಮೂಗಿಗೆ ಹೊಡೆಯಿತು" ಎನ್ನುವಲ್ಲಿಗೆ ಬಂದಾಗ ಅವನು ನೆಲದ ಮೇಲೆ ಕೂತುಬಿಟ್ಟ.

ಈಗ ನಿಜ ಹೇಳುತ್ತೇನೆ. ಅದು ಕರೆಂಟು ಹೋದಾಗ ಕೆಟ್ಟ ತುಂಡೇ. ಕೆಳಗಿನ ಕೊಕ್ಕೆಯಲ್ಲಿತ್ತು. ಬಾಗಿಲು ತೆಗೆದಾಗ ಕಾಗೆಯೂ ಹತ್ತಿರ ಬರಲಿಲ್ಲ. ಬೇಕೆಂತಲೇ ಕಳಿಸಿದೆ. ಕಪಾಟಿನ ಪರೀಕ್ಷೆ ಸಾಕು, ಮೂಗಿನ ಪರೀಕ್ಷೆ ಮಾಡೋಣ ಎಂದು ನಿತೇಶನಿಗೆ ಸವಾಲು ಹಾಕಿದವಳೇ ನಾನು. "ಬಾಯಿಗೆ ಹಾಕಬೇಡಿ" ಎಂದು ಕಾಗದದಲ್ಲಿ ಬರೆದಿದ್ದೆ, ಅದನ್ನು ಓದಿದರೆ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ ಎಂದು ಆ ಹಾಳೆ ಹರಿದು ಬೇರೆ ಬರೆದೆ. ಶ್ರಾವಣ ಹೇಗೂ ಇತ್ತಲ್ಲ. ಇಲ್ಲದಿದ್ದರೆ ಇಂಥ ಆಟಕ್ಕೆ ನನಗೆ ಧೈರ್ಯ ಬರುತ್ತಿರಲಿಲ್ಲ.

ನಿತೇಶ ನಿಮಗೆ ಕೈ ಮುಗಿದು ತಪ್ಪಾಯಿತು ಎಂದು ಹೇಳಿದ್ದಾನೆ. ಎಲ್ಲ ಹೂತು, ಹೊಸದಾಗಿ ಮಾಂಸ ತಂದು ಉಪ್ಪು ಹಾಕಿದ್ದಾನೆ. ಇನ್ನು ಮುಂದೆ ಕೇಣಿಯಿಂದ ಹ್ಞೂಂ ಬರದೆ ಒಂದು ಚೂರೂ ಶೆಫ್ ಹತ್ತಿರ ಹೋಗುವುದಿಲ್ಲವಂತೆ. ಆದ ಹಾಗೆಲ್ಲ ಡಬ್ಬಿ ಬರುತ್ತದೆ, ತಯಾರಾಗಿರಿ!

ಗೆದ್ದ ಸೊಸೆ,
ಸುಮಿ


ಕೇಣಿ
೧೪ ಆಗಸ್ಟ್

ಸುಮಿತಾ,

ಇದು ನಾನು ನಿನ್ನತ್ತೆ ಕುಸುಮಾ ಬರೂದು. ನಂಗೆ ಬರೂಕೆ ಸಮಾ ಬರೂದಿಲ್ಲ, ತಿದ್ದಿ ಓದ್ಕೋ. ದತ್ತಾನ ಕೈಲಿ ಗುಟ್ಟಲ್ಲಿ ಕೊಟ್ಟಿದ್ದೆ, ನಿನ್ನ ಮಾಮಂಗೆ ಗೊತ್ತಿಲ್ಲ.

ಅವ್ರು ಮೂಸೂದಿಲ್ಲ. ತಿಂತ್ರು.

ಅವ್ರಿಗೆ ವಾಸ್ನೆ ತಿಳೂದೇ ಇಲ್ಲ, ಆಪರೇಷನ್ ಆದಲ್ಲಿಂದ. ನಂಗೂ ಹೇಳಿರ್ಲಿಲ್ಲ. ಆ ಡಬ್ಬಿ ಬಂದ ಮರುದಿನ ವಾಂತಿ, ಭೇದಿ, ಕಣ್ಣು ಮೇಲೆ ಹೋತು. ರಿಕ್ಷಾ ಮಾಡ್ಕಂಡು ದವಾಖಾನಿಗೆ ಹಾಕ್ದೆ, ಸಲಾಯಿನ್ ಮೇಲೆ ಸಲಾಯಿನ್. ನೀ ಫೋನು ಮಾಡ್ದಾಗ ಅಲ್ಲೇ ಇದ್ದೆ. ಹೇಳಬ್ಯಾಡ ಅಂತ ಹಾಸ್ಗೆಂದ ಕೈ ಮಾಡ್ತಿದ್ರು. ಎಂತ ತಿಂದ್ರಿ ಅಂತ ಡಾಕ್ಟ್ರು ಕೇಳಿದ್ರೆ ಹಾಳೆ ಮೇಲೆ ಬರ್ದು ತೋರ್ಸಿದ್ರು, ಮಾಂಸ ಅಂತ. ಶ್ರಾವಣದಲ್ಲಿ! ಅರವತ್ತು ವರ್ಷ ಆದವ್ರು, ಶ್ರಾವಣದಲ್ಲಿ ಒಂದು ಸಿಗಡಿ ಬಾಯಿಗೆ ಹಾಕ್ದವ್ರಲ್ಲ. ನಾ ಕೇಳ್ದೆ, ನಾರ್ತಿರ್ಲಿಲ್ವಾ ನಿಮ್ಗೆ? ಮೂಗು ಮುಟ್ಕಂಡು ಕೈ ಆಡ್ಸಿದ್ರು. ಇಲ್ಲ ಅಂತ. ಆಗ ನಂಗೆ ಸೀದ ಹಾಲು ನೆನಪಾತು.

ನೀ ಪಂಥ ಗೆದ್ದೆ ಅಂತ ಬರ್ದ ಕಾಗ್ದ ಓದಿ ಅವ್ರು ನಗಾಡಿದ್ರು. ಆಪರೇಷನ್ ಆದ್ಮೇಲೆ ನಗಾಡಿದ್ದು ಅದೇ ಮೊದ್ಲು. ಗೋಡೆಗೆ ಕೈ ಕೊಟ್ಟು ನಿಂತ್ಕಂಡು ನನ್ನ ಕರ್ದು ಓದು ಓದು ಅಂತ ತೋರ್ಸಿದ್ರು. ನಾ ಹಿತ್ಲಿಗೆ ಹೋಗಿ ಬಾಯಿಗೆ ಸೆರಗು ಹಿಡ್ಕಂಡು ಅತ್ತೆ.

ಡಬ್ಬಿ ಕಳಸಬ್ಯಾಡ ಅಂತ ಬರೂಕೆ ಕೂತದ್ದು. ಆದ್ರೆ ಡಬ್ಬಿ ಬರೂ ದಿನ ಬಿಟ್ರೆ ಅವ್ರು ಅಂಗಿ ಹಾಕೂದಿಲ್ಲ, ಕುತ್ಗಿಗೆ ಟವಾಲು ಸುತ್ಕಂಡು ಗೋಡೆ ನೋಡ್ತಾ ಕೂತಿರ್ತ್ರು. ಕಳಿಸಿದ್ರೆ ಜೀವ ಹೋತದೆ, ಕಳಿಸದಿದ್ರೂ ಹೋತದೆ. ನಂಗೆ ಎಂತ ಹೇಳೂದು ತಿಳೀದಿಲ್ಲ. ನೀ ಓದ್ದವ್ಳು, ನೀನೇ ಹೇಳು.

ಕುಸುಮಾ


ಚಿತ್ತಾಕುಲ
೧೭ ಆಗಸ್ಟ್ ೨೦೨೫

ಕುಸುಮತ್ತೆ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಉತ್ತರ ಬರೆಯಲು ಕೂತರೆ ಕೈ ಏಳುವುದಿಲ್ಲ. ಮಂಚದ ಮೇಲೇ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಾಳೆಲೆಯಲ್ಲಿ ಸುತ್ತಿ ದಾರ ಕಟ್ಟಿದ್ದು ಈ ಕೈಯೇ. ಮಾಮನ ಮೂಗಿನ ಮೇಲೆ ಅಷ್ಟು ನಂಬಿಕೆ ಇಲ್ಲದಿದ್ದರೆ ಕಳಿಸುತ್ತಿರಲಿಲ್ಲ. ನಾನು ಅವರನ್ನು ನಂಬಿದ್ದೇ ಅವರನ್ನು ಕೊಲ್ಲುತ್ತಿತ್ತು. ಬಂದು ಕಾಲು ಹಿಡಿಯೋಣವೆಂದರೆ ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ಇಳಿದು ಬಂದರೂ ಏನೆಂದು ಹೇಳಲಿ? ಕ್ಷಮಿಸಿ ಎಂದರೆ, ಮೂಗಿಲ್ಲ ಎನ್ನುವುದು ನನಗೂ ಗೊತ್ತಾಗಿದೆ ಎಂದು ಅವರಿಗೆ ತಿಳಿಯುತ್ತದೆ. ಕ್ಷಮೆ ಕೇಳುವ ದಾರಿಯೂ ಇಲ್ಲ.

ನಿತೇಶ ಕಾಗದ ಓದಿ ಹಿತ್ತಲಿಗೆ ಹೋದ. ಫ್ಯಾನು, ವೈರು ಎಲ್ಲ ಕಿತ್ತ. ಉಪ್ಪು ಹಾಕಿಟ್ಟಿದ್ದನ್ನೂ ಹೂತ. ನಿನ್ನೆ ಗುಜರಿಯವನು ಫ್ರಿಜ್ಜನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದ. "ಇದ್ರ ಮುಖ ನೋಡೂಕಾಗೂದಿಲ್ಲ ನಂಗೆ" ಎಂದ. ಅಷ್ಟು ಆಸೆ ಇಟ್ಟುಕೊಂಡಿದ್ದ.

ಈಗ ನಾವು ಯೋಚಿಸಿದ್ದು ಕೇಳು. ಚೌತಿ ಮುಗಿದ ಮೇಲೆ ಗೋವೆಯ ದೊಡ್ಡ ಅಂಗಡಿಯಿಂದ, ಫ್ಯಾಕ್ಟರಿಯಲ್ಲಿ ಮಾಡಿದ ಪಕ್ಕಾ ಮಾಂಸ ತಂದು, ಅದರ ಪ್ಯಾಕೆಟ್ಟು ತೆಗೆದು, ನಮ್ಮ ದಾರ ಕಟ್ಟಿ ಕಳಿಸುತ್ತೇವೆ. ಅವರು ತಿಂದರೂ ಏನೂ ಆಗುವುದಿಲ್ಲ. ಕಪಾಟು ಇನ್ನೂ ಇದೆ ಎಂದೇ ನಾನು ಬರೆಯುತ್ತಿರುತ್ತೇನೆ. ಎಷ್ಟು ದಿನ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಬೇರೆ ಏನು ಮಾಡುವುದು ಅತ್ತೆ?

ಇದನ್ನು ಓದಿ ಒಲೆಗೆ ಹಾಕು.

ಸುಮಿ


ಚಿತ್ತಾಕುಲ
೨ ಸೆಪ್ಟೆಂಬರ್ ೨೦೨೫

ಮಾಮನಿಗೆ ನಮಸ್ಕಾರ.

ಡಬ್ಬಿ ಕಳಿಸಲು ತಡವಾಯಿತು. ಬೈಯಬೇಡಿ, ದತ್ತಾನ ಬಸ್ಸು ತಪ್ಪಿತು.

ಕಪಾಟು ಈಗ ಸರಿಯಾಗಿದೆ. ತೇವ ಎಪ್ಪತ್ತೈದಕ್ಕೆ ನಿಂತರೆ ಆಚೀಚೆ ಅಲುಗುವುದಿಲ್ಲ. ಬಾಗಿಲಿಗೆ ಹೊಸ ರಬ್ಬರು ಹಾಕಿದ್ದಾನೆ, ಟವೆಲಿನ ಉಪಚಾರ ನಿಂತಿತು. ಸಣ್ಣ ತುಂಡಾದ್ದರಿಂದ ಬೇಗ ಒಣಗಿತು, ಹಸಿರು ಎಲ್ಲೂ ಇಲ್ಲ. ಈ ತುಂಡಿನಲ್ಲಿ ಯಾವ ಆಟವೂ ಇಲ್ಲ, ಪಂಥವೂ ಇಲ್ಲ. ನಿಧಾನವಾಗಿ ಮೂಸಿ ನೋಡಿ. ನೀವು ಹೇಳಿದ ಹಾಗೆ ಕಡ್ಡಿಯನ್ನು ಒಂದು ದಿನ ಇಟ್ಟೇ ನೋಡಿ. ನನಗೆ ಅವಸರವಿಲ್ಲ.

ನಿಮ್ಮ ಜ್ವರ ಪೂರ್ತಿ ಬಿಟ್ಟಿತೇ? ಅತ್ತೆ ಗಂಜಿ ಮಾಡಿಕೊಟ್ಟರೆ ಮುಖ ತಿರುವಬೇಡಿ.

ಸುಮಿ


ಕೇಣಿ
೯ ಸೆಪ್ಟೆಂಬರ್ ೨೦೨೫

ನನ್ನ ಸುಮಿಗೆ ಮಾಮನ ಆಶೀರ್ವಾದ.

ಬಸ್ಸು ತಪ್ಪಿತಂತೆ! ಯಾರಿಗೆ ಹೇಳುತ್ತೀ ಆ ಕಥೆ? ಚೌತಿಯ ಕಾಯಿಕಡುಬು ತಿಂದು ಮಲಗಿದ್ದೆ ಎಂದು ಬರೆ.

ಕೇಳು, ಕಪಾಟು ಪಾಸು. ಇಷ್ಟು ದಿನ ಕಳಿಸಿದ್ದರಲ್ಲಿ ಇದರ ಹಾಗೆ ಯಾವುದೂ ಇರಲಿಲ್ಲ. ಕಡ್ಡಿ ಒಳಗೆ ಹೋಗುವಾಗಲೇ ಕೈಗೆ ತಿಳಿಯಿತು, ಮೂಗಿಗೆ ಹಿಡಿದಾಗಂತೂ ಕೇಳಲೇಬೇಡ. ಹೊಳೆಯಲ್ಲಿ ಹುಣಸೆಹಣ್ಣು ಎಂದಿದ್ದೆನಲ್ಲ, ಆ ಮಾತು ವಾಪಸ್ಸು ತೆಗೆದುಕೊಂಡೆ ಎಂದು ನಿತೇಶನಿಗೆ ಹೇಳು. ಮಳೆಗಾಲವನ್ನು ಗೆದ್ದ ಗಂಡಸು. ನನ್ನ ಅಪ್ಪನಿಗೂ ಆಗದ ಕೆಲಸ ಮಾಡಿದ್ದಾನೆ.

ಈಗ ನನ್ನದೊಂದು ಆಸೆ. ಹೆರಿಗೆ ಸುಸೂತ್ರವಾಗಲಿ, ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಕುಸುಮಳನ್ನು ಕರೆದುಕೊಂಡು ನಾನೇ ಬರುತ್ತೇನೆ. ಆಪರೇಷನ್ ಆದಮೇಲೆ ಅಂಕೋಲೆ ದಾಟಿಲ್ಲ, ಹೊರಗೆ ಹೋಗಲು ಮನಸ್ಸೇ ಇರಲಿಲ್ಲ. ಈಗ ಬಂದಿದೆ. ಕುಸುಮಳಿಗೆ ತೋರಿಸಿದರೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಅವಳಿಗೂ ಖುಷಿಯಾಗಿದೆ. ನಿತೇಶನ ಶೆಫ್‌ರನ್ನು ಅವತ್ತೇ ಕರೆಯಿರಿ. ಎಲ್ಲರೆದುರಿಗೆ ಕಡ್ಡಿ ಚುಚ್ಚಿ ತೋರಿಸುತ್ತೇನೆ. ಹೊಸ ಹಿಡಿಕಡ್ಡಿ ಸೀಳಿ, ಕೆರೆದು, ನೆರಳಲ್ಲಿ ಒಣಗಿಸಲು ಇಟ್ಟಾಗಿದೆ.

ಕಪಾಟನ್ನು ಜಾಗ ಬಿಟ್ಟು ಅಲುಗಿಸಬೇಡಿ, ಅದಕ್ಕೆ ಹೊಂದಿದ ಗಾಳಿ ತಪ್ಪುತ್ತದೆ. ನಾನು ಬರುವ ದಿನ ಯಾರೂ ಮೊದಲೇ ಬಾಗಿಲು ತೆಗೆಯಬೇಡಿ ಮಗಾ. ಒಳಗಿನ ಮೊದಲ ಗಾಳಿ ನನ್ನ ಮೂಗಿಗೇ ಸಿಗಲಿ.

ಸುಭಾಷ ಮಾಮ